ಮನೆತನದಲ್ಲಿ ಕ್ಯಾನ್ಸರ್, ಮನೆಯಲ್ಲೇ ಸ್ಯಾಂಪಲ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಣ್ಣನಿಗೆ 39ನೇ ವಯಸ್ಸಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂತು. ಅದಕ್ಕೂ ಮೊದಲು ಅಮ್ಮನಿಗೆ 47ಕ್ಕೆ ಗರ್ಭಕೋಶದ್ದು ಬಂದಿತ್ತು. ಎರಡಕ್ಕೂ ಬೇರು ಒಂದೇ ಅಂತ ತಿಳಿದದ್ದು ಅಣ್ಣನ ರಕ್ತ ಪರೀಕ್ಷೆಯಿಂದ. ಆ ಬೇರಿನ ಹೆಸರು ಲಿಂಚ್ ಸಿಂಡ್ರೋಮ್, ವಂಶದಲ್ಲಿ ಇಳಿದು ಬಂದು ಕ್ಯಾನ್ಸರ್ ಅಪಾಯ ಹೆಚ್ಚಿಸುವ ಜೀನ್ ತಪ್ಪು. ನನಗೂ ಇದೆ. ಆಮೇಲೆ ನೆಂಟರು, ನೆಂಟರ ನೆಂಟರು, ಆಸ್ಪತ್ರೆ ಬೆಂಚಿನ ಮೇಲೆ ಪಕ್ಕ ಕೂತವರು, ಕಾಗದ ಬರೆದವರು ಕೇಳಿದ ಪ್ರಶ್ನೆಗಳಿಂದಲೇ ಒಂದು ನೋಟ್‌ಬುಕ್ ತುಂಬಿದೆ. ಸುತ್ತಿ ಬಳಸಿ ಅವರೆಲ್ಲ ಕೇಳುವುದು ಒಂದೇ: ಆಸ್ಪತ್ರೆ ತಪ್ಪಿಸಿ ಮನೆಯಲ್ಲೇ ಮುಗಿಸಬಹುದಾ? ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ, ಹೈಸ್ಕೂಲ್ ಟೀಚರ್. ಔಷಧಿ, ಆಪರೇಷನ್ ವಿಷಯಕ್ಕೆ ನಿಮ್ಮ ಡಾಕ್ಟರ್ ಮಾತೇ ಕೊನೆ.

## ಶುರುವಿಗೆ

ಮನೆಯಲ್ಲೇ ಮಾಡೋ ಕ್ಯಾನ್ಸರ್ ಟೆಸ್ಟ್ ಅಂದ್ರೆ ಏನಕ್ಕ? ಪ್ರೆಗ್ನೆನ್ಸಿ ಕಾರ್ಡ್ ತರಹಾನಾ?

ಕೆಲವು ನೋಡಲು ಹಾಗೇ ಇರುತ್ತವೆ. ಆದರೆ 'ಮನೆಯಲ್ಲೇ ಟೆಸ್ಟ್' ಅನ್ನುವ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ಪರೀಕ್ಷೆಗಳು ಓಡಾಡುತ್ತಿವೆ. ಮೊದಲನೆಯದು ಫಿಟ್ ಎಂಬ ಮಲ ಪರೀಕ್ಷೆ. ಕಣ್ಣಿಗೆ ಕಾಣದಷ್ಟು ರಕ್ತ ಮಲದಲ್ಲಿದೆಯಾ ಅಂತ ಅದು ಹುಡುಕುತ್ತದೆ. ಎರಡನೆಯದು ಎಚ್‌ಪಿವಿ ಸ್ವಾಬ್. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್ ಇದೆಯಾ ಅಂತ ನೋಡುವುದು ಅದರ ಕೆಲಸ. ಮೂರನೆಯದು ಜೊಲ್ಲಿನ ಡಿಎನ್‌ಎ ಕಿಟ್.

ಮೂರರಲ್ಲಿ ಯಾವುದೂ ನೇರವಾಗಿ ಕ್ಯಾನ್ಸರ್ ತೋರಿಸುವುದಿಲ್ಲ. ಫಿಟ್ ರಕ್ತ ನೋಡುತ್ತದೆ, ಸ್ವಾಬ್ ವೈರಸ್ ನೋಡುತ್ತದೆ, ಜೊಲ್ಲಿನ ಕಿಟ್ ನೀವು ಹುಟ್ಟಿನಿಂದ ಏನು ಹೊತ್ತು ತಂದಿದ್ದೀರಿ ಅಂತ ನೋಡುತ್ತದೆ. ಯಾವ ಕಿಟ್ ಯಾವ ಪ್ರಶ್ನೆಗೆ ಉತ್ತರ ಅನ್ನುವುದು ಸ್ಪಷ್ಟವಾದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ನಮ್ಮ ಮನೇಲಿ ಮೂರು ಜನಕ್ಕೆ ಬಂದಿದೆ. ಇದು ವಂಶದ್ದು ಅಂತ ಹೇಗೆ ಗೊತ್ತಾಗೋದು?

ಮೂರು ಜನಕ್ಕೆ ಬಂದ ಮಾತ್ರಕ್ಕೆ ವಂಶದ್ದು ಅಂತ ಹೇಳಲಾಗದು. ಮೂವರೂ ಬೀಡಿ ಸೇದುತ್ತಿದ್ದು ಎಪ್ಪತ್ತು ದಾಟಿದ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಬಂದಿದ್ದರೆ ಕಥೆ ಬೇರೆ. ಕರುಳಿನ ವಿಷಯಕ್ಕೆ ಡಾಕ್ಟರುಗಳು ಆಮ್‌ಸ್ಟರ್‌ಡ್ಯಾಮ್ ನಿಯಮ ಅಂತ ಒಂದು ಹೇಳುತ್ತಾರೆ. 3-2-1 ಅಂತ ನೆನಪಿಟ್ಟುಕೊಳ್ಳಿ. ಹತ್ತಿರದ ರಕ್ತಸಂಬಂಧಿಗಳಲ್ಲಿ 3 ಜನ, 2 ತಲೆಮಾರು, ಅದರಲ್ಲಿ 1 ಕ್ಯಾನ್ಸರ್ 50 ವರ್ಷದೊಳಗೆ. ಲೆಕ್ಕಕ್ಕೆ ಬರುವುದು ಕರುಳೊಂದೇ ಅಲ್ಲ. ಗರ್ಭಕೋಶದ ಒಳಪದರ, ಸಣ್ಣ ಕರುಳು, ಮೂತ್ರನಾಳದ್ದೂ ಸೇರುತ್ತವೆ. ಈ ನಿಯಮಕ್ಕೆ ಸಿಗದ ಲಿಂಚ್ ಕುಟುಂಬಗಳೂ ಬಹಳ ಇವೆ. ಹಾಗಾಗಿ ಅನುಮಾನ ಇದ್ದರೆ ಕೇಳುವುದೇ ಸರಿ.

ಕೇಳುವ ಮೊದಲು ಒಂದು ಬಿಳಿ ಹಾಳೆಯಲ್ಲಿ ವಂಶವೃಕ್ಷ ಬರೆಯಿರಿ. ಯಾರಿಗೆ, ಯಾವ ವಯಸ್ಸಿಗೆ, ಎಲ್ಲಿ ಬಂತು. ನಮ್ಮಲ್ಲಿ ಹೆಂಗಸರ ಕಾಯಿಲೆಗೆ ಹೆಸರೇ ಇರುವುದಿಲ್ಲ. 'ಹೊಟ್ಟೇಲಿ ಗಡ್ಡೆ ಆಗಿ ಹೋದಳು' ಅನ್ನುವಲ್ಲಿಗೆ ಮುಗಿಯುತ್ತದೆ. ನಾನು ಅಮ್ಮನ ಕಡೆಯ ವಿವರ ಕಲೆಹಾಕಿದ್ದು ಅಜ್ಜಿಯ ತಿಥಿಯ ದಿನ. ಎಲ್ಲರೂ ಸೇರಿರುತ್ತಾರೆ, ಸತ್ತವರ ಮಾತೇ ನಡೆಯುತ್ತಿರುತ್ತದೆ. ಊಟದೆಲೆ ಎತ್ತುವಷ್ಟರಲ್ಲಿ ನನಗೆ ನಾಲ್ಕು ಹೆಸರು ಸಿಕ್ಕಿದ್ದವು. ಒಬ್ಬ ದೊಡ್ಡಮ್ಮ 'ಅದು ನಾಗದೋಷ ಕಣೇ' ಅಂದರು. ವಾದ ಮಾಡಲಿಲ್ಲ, ಅವರ ತಂಗಿಯ ವಯಸ್ಸು ಕೇಳಿ ಬರೆದುಕೊಂಡೆ.

ಇನ್ನೊಂದು ಮಾತು. ಗೋತ್ರ ಗಂಡಿನ ಕಡೆಯಿಂದ ಮಾತ್ರ ಇಳಿಯುತ್ತದೆ, ಜೀನ್ ಹಾಗಲ್ಲ. ಸೋದರಮಾವನ ಕಾಯಿಲೆಗೂ ಚಿಕ್ಕಪ್ಪನ ಕಾಯಿಲೆಗೂ ಲೆಕ್ಕದಲ್ಲಿ ಒಂದೇ ತೂಕ.

ಇದು ಹೊಸ ಸಂಗತಿಯೂ ಅಲ್ಲ. 1895ರಲ್ಲಿ ಅಮೆರಿಕಾದ ಮಿಶಿಗನ್‌ನಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ಆಲ್ಡ್ರೆಡ್ ವಾರ್ಥಿನ್ ಎಂಬ ಡಾಕ್ಟರ್ ಹತ್ತಿರ, ನಮ್ಮ ಮನೆಯವರೆಲ್ಲ ಕರುಳಿನದೋ ಗರ್ಭಕೋಶದ್ದೋ ಕ್ಯಾನ್ಸರ್‌ನಿಂದ ಸಾಯುತ್ತಾರೆ, ನಾನೂ ಹಾಗೇ ಅಂದಿದ್ದಳು. ಮುಂದೆ ಆಕೆ ತೀರಿಕೊಂಡದ್ದು ಗರ್ಭಕೋಶದ ಕ್ಯಾನ್ಸರ್‌ನಿಂದಲೇ. ವಾರ್ಥಿನ್ ಆ ಕುಟುಂಬದ ವಿವರವನ್ನು 1913ರಲ್ಲಿ ಪ್ರಕಟಿಸಿದರು. 1966ರಲ್ಲಿ ಹೆನ್ರಿ ಲಿಂಚ್ ಇಂಥದೇ ಕುಟುಂಬಗಳ ಬಗ್ಗೆ ಬರೆದರು. ಹೆಸರು ಅವರಿಂದ ಬಂತು. ಮೊದಲು ಪತ್ತೆ ಮಾಡಿದ್ದು ಮಾತ್ರ ಆ ಟೈಲರ್ ಹೆಣ್ಣುಮಗಳೇ ಅಂತ ನನಗನ್ನಿಸುತ್ತದೆ.

ಲಿಂಚ್ ಇದೆ ಅಂದ್ರೆ ಕ್ಯಾನ್ಸರ್ ಇದೆ ಅಂತಾನಾ?

ಅಲ್ಲ. ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ ಅಂತ. ಜೀವಕೋಶ ಎರಡಾಗುವಾಗ ಡಿಎನ್‌ಎಯನ್ನು ನಕಲು ಮಾಡಬೇಕು. ನಕಲಿನಲ್ಲಿ ಅಕ್ಷರ ತಪ್ಪುಗಳಾಗುತ್ತವೆ. ಅವನ್ನು ತಿದ್ದಲು ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ಜೀನ್‌ಗಳಿವೆ. ಎಲ್ಲರಿಗೂ ಪ್ರತಿಯೊಂದರ ಎರಡು ಪ್ರತಿ ಇರುತ್ತದೆ, ಅಪ್ಪನದೊಂದು ಅಮ್ಮನದೊಂದು. ನಮ್ಮಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿದೆ. ಉಳಿದ ಒಂದೇ ಕೆಲಸ ನಡೆಸುತ್ತದೆ. ಯಾವುದೋ ಒಂದು ಕೋಶದಲ್ಲಿ ಅದೂ ಕೆಟ್ಟ ದಿನ ತಿದ್ದುವವರೇ ಇಲ್ಲದ ಡಿಕ್ಟೇಷನ್ ಪುಸ್ತಕದ ಹಾಗೆ ತಪ್ಪುಗಳು ಗುಡ್ಡೆ ಬೀಳುತ್ತವೆ.

ಎಂಎಲ್‌ಎಚ್1 ಅಥವಾ ಎಂಎಸ್‌ಎಚ್2 ಕೆಟ್ಟಿರುವವರಲ್ಲಿ ಕರುಳಿನ ಕ್ಯಾನ್ಸರ್‌ನ ಜೀವಮಾನದ ಅಪಾಯ ಅರ್ಧದ ಆಸುಪಾಸು. ಪಿಎಂಎಸ್2 ಇದ್ದವರಲ್ಲಿ ತುಂಬ ಕಡಿಮೆ. ಹಾಗಾಗಿ 'ಲಿಂಚ್ ಇದೆ' ಅಂತಷ್ಟೇ ಬರೆದ ಚೀಟಿ ಸಾಲದು, ಯಾವ ಜೀನ್ ಅಂತ ಗೊತ್ತಿರಬೇಕು.

ವರ್ಷಕ್ಕೊಂದ್ಸಲ ಮೋಷನ್ ಟೆಸ್ಟ್ ಮಾಡಿಕೊಂಡ್ರೆ ಸಾಕಲ್ವಾ? ಕೊಲೊನೋಸ್ಕೋಪಿ ಅಂದ್ರೆ ಭಯ.

ಸಾಕಾಗಲ್ಲ. ಈ ಪ್ರಶ್ನೆಯನ್ನು ನಾನೂ ಕೇಳಿದ್ದೆ, ಉತ್ತರ ಕೇಳಿ ಬೇಜಾರೂ ಆಗಿತ್ತು. ಕೊಲೊನೋಸ್ಕೋಪಿ ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ನಳಿಕೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವುದು.

ಸಾಮಾನ್ಯ ಜನರಲ್ಲಿ ಸಣ್ಣ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟು) ಒಂದು ಕ್ಯಾನ್ಸರ್ ಆಗಲು ಹತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬೇಕು. ಈ ವರ್ಷ ಫಿಟ್‌ನ ಕಣ್ಣು ತಪ್ಪಿಸಿದ್ದು ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಸಿಗುತ್ತದೆ. ಆ ಪರೀಕ್ಷೆ ನಿಂತಿರುವುದೇ ಈ ಪುರುಸೊತ್ತಿನ ಮೇಲೆ. ಲಿಂಚ್‌ನಲ್ಲಿ ಪುರುಸೊತ್ತಿಲ್ಲ, ಎರಡು ಮೂರು ವರ್ಷದಲ್ಲೇ ಪಾಲಿಪ್ ಕ್ಯಾನ್ಸರ್ ಆಗಬಹುದು. ಸಾಲದ್ದಕ್ಕೆ ನಮ್ಮ ಪಾಲಿಪ್‌ಗಳು ಹೆಚ್ಚಾಗಿ ಬಲಗಡೆಯ ಕರುಳಲ್ಲಿ, ಚಪ್ಪಟೆಯಾಗಿ ಅಂಟಿಕೊಂಡಿರುತ್ತವೆ. ರಕ್ತ ಸೋರದಿದ್ದರೆ ಫಿಟ್‌ಗೆ ಹಿಡಿಯಲು ಏನೂ ಇಲ್ಲ.

ಅಮೆರಿಕಾ, ಕೆನಡಾದಲ್ಲಿ ಸಾಮಾನ್ಯ ಅಪಾಯದ ಸುಮಾರು 10,000 ಜನರ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಒಂದು ಸಲದ ಫಿಟ್ 100 ಕ್ಯಾನ್ಸರ್‌ಗಳಲ್ಲಿ ಸುಮಾರು 74 ಹಿಡಿದಿತ್ತು. ಪರವಾಗಿಲ್ಲ ಅನ್ನಿಸುತ್ತೆ. ಆದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಪಾಲಿಪ್‌ಗಳಲ್ಲಿ ಹಿಡಿದದ್ದು 24 ಮಾತ್ರ. ನಮಗೆ ಬೇಕಾಗಿರುವುದು ಆ ಪಾಲಿಪ್‌ಗಳೇ.

ಕೊಲೊನೋಸ್ಕೋಪಿ ಬರೀ ನೋಡುವುದಲ್ಲ. ಪಾಲಿಪ್ ಸಿಕ್ಕರೆ ಸಾಮಾನ್ಯವಾಗಿ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಫಿನ್ಲೆಂಡ್‌ನಲ್ಲಿ 22 ಲಿಂಚ್ ಕುಟುಂಬಗಳ 252 ಜನರನ್ನು 15 ವರ್ಷ ಗಮನಿಸಿದರು. ಮೂರು ವರ್ಷಕ್ಕೊಮ್ಮೆ ಕರುಳು ಪರೀಕ್ಷೆ ಮಾಡಿಸಿಕೊಂಡ 133 ಜನರಲ್ಲಿ 8 ಮಂದಿಗೆ ಕರುಳಿನ ಕ್ಯಾನ್ಸರ್ ಬಂತು, ಅದರಿಂದ ಯಾರೂ ಸಾಯಲಿಲ್ಲ. ಬೇಡ ಅಂದ 119 ಜನರಲ್ಲಿ 19 ಮಂದಿಗೆ ಬಂತು, 9 ಜನ ಸತ್ತರು. 2000ದಲ್ಲಿ ಬಂದ ಈ ಲೆಕ್ಕ ಓದಿದ ಮೇಲೆ ನನ್ನ ಬೇಜಾರು ಇಳಿಯಿತು.

ನನ್ನದೇ ಹೇಳುತ್ತೇನೆ. ಒಂದು ವರ್ಷ ಶಾಲೆಯ ಪರೀಕ್ಷೆ ಕೆಲಸ ಅಂತ ಕೊಲೊನೋಸ್ಕೋಪಿ ಮುಂದೂಡಿದ್ದೆ. ಸಮಾಧಾನಕ್ಕೆ ಫಿಟ್ ಮಾಡಿಸಿದೆ, ನೆಗೆಟಿವ್ ಬಂತು. ಐದು ತಿಂಗಳ ಮೇಲೆ ಕ್ಯಾಮೆರಾ ಹಾಕಿದಾಗ ಬಲಗಡೆ 12 ಮಿಲಿಮೀಟರ್‌ನ ಚಪ್ಪಟೆ ಪಾಲಿಪ್. ಪರದೆ ಮೇಲೆ ನೋಡಿದರೆ ಗೋಡೆಗೆ ಅಂಟಿದ ತೇವದ ಕಲೆಯಂತಿತ್ತು. ನನಗೆ ತೋರಿಸಿ ಹೇಳುವವರೆಗೂ ಕಾಣಲೇ ಇಲ್ಲ.

ಹಾಗಿದ್ರೆ ಕಿಟ್ ನಮ್ಮಂಥ ಮನೆಯವರಿಗೆ ವೇಸ್ಟಾ?

ಇಲ್ಲ, ಅದಕ್ಕೂ ಜಾಗ ಇದೆ. 2020ರಲ್ಲಿ ಕೋವಿಡ್‌ನಿಂದ ಇಂಗ್ಲೆಂಡಿನಲ್ಲಿ ಕೊಲೊನೋಸ್ಕೋಪಿ ಸಾಲು ನಿಂತೇ ಹೋದಾಗ ಲಿಂಚ್ ಇದ್ದವರಿಗೆ ಫಿಟ್ ಕೊಟ್ಟು, ಪಾಸಿಟಿವ್ ಬಂದವರನ್ನು ಮುಂದಕ್ಕೆ ಕರೆದರು. ಸರದಿಯಲ್ಲಿ ಯಾರು ಮೊದಲು ಅಂತ ತೀರ್ಮಾನಿಸಲು ಅದು ಕೆಲಸಕ್ಕೆ ಬಂತು, ಸರದಿಯಿಂದ ಹೊರಗೆ ಕಳಿಸಲು ಅಲ್ಲ.

ಇನ್ನೊಂದು ಗುಂಪಿಗೆ ಕಿಟ್ ಸರಿಯಾಗಿ ಒಪ್ಪುತ್ತದೆ. ಮನೆಯಲ್ಲಿ ಯಾವ ಜೀನ್ ತಪ್ಪು ಅಂತ ಗೊತ್ತಿದ್ದು, ಅದೇ ತಪ್ಪು ನಿಮ್ಮಲ್ಲಿ ಇಲ್ಲ ಅಂತ ಪರೀಕ್ಷೆ ಹೇಳಿದ್ದರೆ ನಿಮ್ಮ ಅಪಾಯ ಸುಮಾರಾಗಿ ಎಲ್ಲರ ಹಾಗೇ. ನನ್ನ ತಂಗಿಯದು ಹೀಗೇ ಆಯಿತು. ಅವಳಿಗೆ ವಯಸ್ಸಾದ ಮೇಲೆ ಫಿಟ್ ಸಾಕು, ನನಗೆ ಸಾಲದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಿಗೆ ಎರಡು ನಿಯಮ.

## ಕಿಟ್ ಕೈಗೆ ಬಂದ ಮೇಲೆ

ನಮ್ಮದು ಇಂಡಿಯನ್ ಟಾಯ್ಲೆಟ್. ಕಿಟ್‌ನಲ್ಲಿರೋ ಚಿತ್ರದಲ್ಲಿ ವೆಸ್ಟರ್ನ್ ಕಮೋಡ್ ಇದೆ. ಏನು ಮಾಡೋದು?

ನಾಚಿಕೆಪಡದೆ ಕೇಳಿದ್ದಕ್ಕೆ ಥ್ಯಾಂಕ್ಸ್. ತುಂಬ ಜನ ಇಲ್ಲೇ ಸೋತು ಕಿಟ್ ಬಿಸಾಡುತ್ತಾರೆ.

ಮುಖ್ಯವಾದದ್ದು ಎರಡು. ಮಲಕ್ಕೆ ನೀರು ತಾಗಬಾರದು, ಮೂತ್ರ ಸೇರಬಾರದು. ಮೊದಲು ಮೂತ್ರ ಮಾಡಿ ಮುಗಿಸಿ. ಆಮೇಲೆ ಹಳೇ ಪೇಪರ್ ನಾಲ್ಕು ಪದರ ಮಡಿಸಿ, ಬೇಸಿನ್ನಿನ ಹಿಂಭಾಗದ ಒಣ ಜಾಗದಲ್ಲಿ ಹಾಸಿ. ಪೇಪರ್ ಜಾರುತ್ತದೆ ಅನ್ನಿಸಿದರೆ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಇನ್ನೂ ಒಳ್ಳೆಯದು. ಮೊಸರಿನ ಅರ್ಧ ಕೆಜಿ ಡಬ್ಬಿ ತೊಳೆದು ಪೂರ್ತಿ ಒಣಗಿಸಿಟ್ಟುಕೊಂಡರೆ ಆಯಿತು.

ಬಾಟಲಿಯ ಮುಚ್ಚಳಕ್ಕೆ ಅಂಟಿಕೊಂಡೇ ಒಂದು ಕಡ್ಡಿ ಇರುತ್ತದೆ. ಅದರ ತುದಿಯಲ್ಲಿ ಸಣ್ಣ ಸಣ್ಣ ಗೀರುಗಳಿವೆ. ಮಲದ ಮೇಲ್ಮೈಯಲ್ಲಿ ನಾಲ್ಕೈದು ಕಡೆ ಕೆರೆಯಿರಿ. ಗೀರು ತುಂಬಿದರೆ ಸಾಕು. 'ಸ್ವಲ್ಪ ಜಾಸ್ತಿ ಇರಲಿ' ಅಂತ ಉಂಡೆ ತುಂಬಬೇಡಿ, ಅಳತೆ ತಪ್ಪುತ್ತದೆ. ಕಡ್ಡಿಯನ್ನು ಬಾಟಲಿಗೆ ಟಿಕ್ ಅನ್ನುವವರೆಗೂ ಒತ್ತಿ, ಅಲ್ಲಾಡಿಸಿ. ಒಳಗಿನ ನೀರು ಔಷಧ, ಅದನ್ನು ಚೆಲ್ಲಬಾರದು. ನಮ್ಮ ಚಿಕ್ಕಪ್ಪ 'ಕೊಳಕು ನೀರಿದೆ' ಅಂತ ಚೆಲ್ಲಿ, ನಲ್ಲಿ ನೀರಲ್ಲಿ ತೊಳೆದು, ಆಮೇಲೆ ಸ್ಯಾಂಪಲ್ ಹಾಕಿದ್ದರು! ಹೆಸರು, ತಾರೀಕು ಬರೆಯುವುದನ್ನು ಮರೆಯಬೇಡಿ. ತಾರೀಕಿಲ್ಲದ ಬಾಟಲಿಯನ್ನು ಲ್ಯಾಬ್ ಬೇಡ ಅನ್ನಬಹುದು.

ಹಿಂದಿನ ದಿನ ಮಟನ್ ತಿಂದಿದ್ದೆ, ಬೀಟ್‌ರೂಟ್ ಪಲ್ಯಾನೂ ಇತ್ತು. ತಪ್ಪು ಬರುತ್ತಾ?

ಫಿಟ್‌ನಲ್ಲಿ ಬರಲ್ಲ. ಅದು ಮನುಷ್ಯರ ಹಿಮೋಗ್ಲೋಬಿನ್ ಮಾತ್ರ ಗುರುತಿಸುತ್ತದೆ, ಕುರಿಯದಲ್ಲ. ಬೀಟ್‌ರೂಟ್ ಬಣ್ಣ ಕೊಡುತ್ತದೆ ಅಷ್ಟೆ. ಪಥ್ಯ ಬೇಕಾಗಿದ್ದದ್ದು ಹಳೆಯ ಗ್ವಾಯಕ್ ಪರೀಕ್ಷೆಗೆ. ಅದರಲ್ಲಿ ಮಾಂಸ, ಹಸಿ ಮೂಲಂಗಿ, ವಿಟಮಿನ್ ಸಿ ಮಾತ್ರೆ ಎಲ್ಲವೂ ಲೆಕ್ಕ ಕೆಡಿಸುತ್ತಿದ್ದವು. ಲ್ಯಾಬಿನವರು ಪಥ್ಯ ಹೇಳಿದರೆ ಇದು ಯಾವ ಪರೀಕ್ಷೆ ಅಂತ ಒಂದು ಮಾತು ಕೇಳಿ.

ಪಿರಿಯಡ್ಸ್ ಇದೆ, ಪೈಲ್ಸ್ ಕೂಡ ಇದೆ. ಮಾಡಬಹುದಾ?

ಪಿರಿಯಡ್ಸ್ ಮುಗಿದು ಮೂರು ದಿನ ಬಿಟ್ಟು ಮಾಡಿ. ಪೈಲ್ಸ್‌ನಿಂದ ರಕ್ತ ಹೋಗುತ್ತಿದ್ದರೆ ಅದು ನಿಂತ ಮೇಲೆ ಮಾಡಿ. ಆದರೆ ಪಾಸಿಟಿವ್ ಬಂದ ಮೇಲೆ 'ಪೈಲ್ಸ್ ಇತ್ತಲ್ಲ, ಅದಕ್ಕೇ' ಅಂತ ನೀವೇ ತೀರ್ಪು ಕೊಡಬೇಡಿ. ಪೈಲ್ಸ್ ಇರುವವರಿಗೂ ಕ್ಯಾನ್ಸರ್ ಬರುತ್ತದೆ. ನಮ್ಮಣ್ಣ ಎಂಟು ತಿಂಗಳು ಪೈಲ್ಸ್ ಮುಲಾಮು ಹಚ್ಚಿಕೊಂಡಿದ್ದ.

ರಾಯಚೂರಿನ ಬಿಸಿಲಲ್ಲಿ ಸ್ಯಾಂಪಲ್ ಕೊರಿಯರ್ ಮಾಡಬಹುದಾ?

ಮೇ ತಿಂಗಳಲ್ಲಾದರೆ ನಾನು ಮಾಡಲ್ಲ. ಬಿಸಿಗೆ ಹಿಮೋಗ್ಲೋಬಿನ್ ಒಡೆದು ಹೋಗುತ್ತದೆ. ಇದ್ದ ರಕ್ತ ಇಲ್ಲವಾಗಿ ಸುಳ್ಳು ನೆಗೆಟಿವ್ ಬರುತ್ತದೆ. ಸುಳ್ಳು ಪಾಸಿಟಿವ್ ಬಂದರೆ ಸುಮ್ನೆ ಒಂದು ಕೊಲೊನೋಸ್ಕೋಪಿ ಆಗುತ್ತೆ, ಅಷ್ಟೆ. ಸುಳ್ಳು ನೆಗೆಟಿವ್ ನಮ್ಮನ್ನು ಮಲಗಿಸಿಬಿಡುತ್ತದೆ.

ಒಮ್ಮೆ ನಾನು ಕೊಟ್ಟ ಬಾಟಲಿ ಲ್ಯಾಬ್ ಕೌಂಟರಿನ ಕಿಟಕಿ ಕಟ್ಟೆ ಮೇಲೆ, ಬಿಸಿಲಿನಲ್ಲಿ, ಸಂಜೆವರೆಗೂ ಕೂತಿದ್ದನ್ನು ಕಂಡಿದ್ದೇನೆ. ವಾಪಸ್ ತಗೊಂಡು ಹೊಸ ಕಿಟ್ ಮಾಡಿದೆ. ಬೆಳಿಗ್ಗೆ ಸ್ಯಾಂಪಲ್ ತೆಗೆದು ಅದೇ ದಿನ ಕೈಯಾರೆ ಕೊಡುವುದು ಉತ್ತಮ. ತಡ ಆಗುವಂತಿದ್ದರೆ ಕವರ್‌ನಲ್ಲಿ ಸುತ್ತಿ, ಡಬ್ಬಿಯೊಳಗಿಟ್ಟು ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಡಿ. ಫ್ರೀಜರ್ ಬೇಡ. ಅತ್ತೆಗೆ ಮೊದಲೇ ಹೇಳಿಬಿಡಿ.

ಮೂರು ದಿನದಿಂದ ಮೋಷನ್‌ನಲ್ಲಿ ರಕ್ತ ಕಾಣ್ತಿದೆ. ಯಾವ ಕಿಟ್ ತರಿಸಲಿ?

ಯಾವುದೂ ಬೇಡ. ಡಾಕ್ಟರ್ ಹತ್ತಿರ ಹೋಗಿ. ಕಿಟ್ ಇರುವುದು ಏನೂ ಲಕ್ಷಣ ಇಲ್ಲದವರಿಗೆ.

## ರಿಸಲ್ಟ್ ಬಂದಾಗ

ಪಾಸಿಟಿವ್ ಬಂತು. ಇನ್ನೊಂದು ಸಲ ಮಾಡಿ ನೆಗೆಟಿವ್ ಬಂದ್ರೆ ಮೊದಲನೇದು ತಪ್ಪು ಅಂತ ತಿಳ್ಕೊಬಹುದಾ?

ಆಗದು. ಪಾಲಿಪ್ ದಿನಾ ರಕ್ತ ಸೋರುವುದಿಲ್ಲ. ಸೋಮವಾರ ಸೋರಿ ಗುರುವಾರ ನಿಂತಿರಬಹುದು. ಎರಡನೇ ನೆಗೆಟಿವ್ ಮೊದಲನೆಯದನ್ನು ಅಳಿಸಿ ಹಾಕಲ್ಲ. ಸಾಮಾನ್ಯ ಅಪಾಯದವರಲ್ಲೂ ಪಾಸಿಟಿವ್ ಆದರೆ ಮುಂದಿನ ಹೆಜ್ಜೆ ಕೊಲೊನೋಸ್ಕೋಪಿ. ವಂಶದ ಅಪಾಯ ಇದ್ದವರು ಅದನ್ನು ವಾರಗಳೊಳಗೆ ಮಾಡಿಸಬೇಕು, ಹಬ್ಬ ಮುಗೀಲಿ ಅನ್ನಬಾರದು. ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ ಅನ್ನುವುದೂ ನಿಜ.

ನಮ್ಮ ಕಾರ್ಡ್‌ನಲ್ಲಿ ಬರೀ ಗೆರೆ. ಫಾರಿನ್‌ನಲ್ಲಿ ನಂಬರ್ ಕೊಡ್ತಾರಂತೆ, ಯಾವುದು ಒಳ್ಳೇದು?

ನಂಬರ್. ಒಂದು ಗ್ರಾಂ ಮಲದಲ್ಲಿ ಎಷ್ಟು ಮೈಕ್ರೋಗ್ರಾಂ ಹಿಮೋಗ್ಲೋಬಿನ್ ಅಂತ ಅಳೆಯುತ್ತಾರೆ. ಎಷ್ಟಿದ್ದರೆ ಪಾಸಿಟಿವ್ ಅನ್ನುವುದು ದೇಶಕ್ಕೊಂದು ಥರ. ಇಂಗ್ಲೆಂಡಿನ ಸಾರ್ವಜನಿಕ ತಪಾಸಣೆ 120ರಿಂದ ಶುರು ಮಾಡಿತು, ಸ್ಕಾಟ್ಲೆಂಡ್ 80 ಇಟ್ಟಿತು, ನೆದರ್ಲೆಂಡ್ಸ್ 47. ಒಂದೇ ಸ್ಯಾಂಪಲ್ ಒಂದು ದೇಶದಲ್ಲಿ ಪಾಸ್, ಪಕ್ಕದ ದೇಶದಲ್ಲಿ ಫೇಲ್! 'ನೆಗೆಟಿವ್' ಅಂದರೆ ಸೊನ್ನೆ ಅಲ್ಲ, ಮಿತಿಗಿಂತ ಕೆಳಗೆ ಅಂತ ಮಾತ್ರ.

ಮಗ ಅಮೆರಿಕಾದಲ್ಲಿದ್ದಾನೆ. ಅಲ್ಲಿ ಮೋಷನ್‌ನ ಡಿಎನ್‌ಎ ಟೆಸ್ಟ್ ಇದೆಯಂತೆ, ಅದು ಲಿಂಚ್‌ನವರಿಗೆ ಆಗುತ್ತಾ?

ಕೊಲೊಗಾರ್ಡ್ ಬಗ್ಗೆ ಕೇಳುತ್ತಿದ್ದೀರಿ. 2014ರಲ್ಲಿ ಒಪ್ಪಿಗೆ ಸಿಕ್ಕಿತು. ಮೇಲೆ ಹೇಳಿದ 10,000 ಜನರ ಅಧ್ಯಯನ ಇದರದ್ದೇ. 100 ಕ್ಯಾನ್ಸರ್‌ನಲ್ಲಿ 92 ಹಿಡಿಯಿತು, ಪಾಲಿಪ್‌ಗಳಲ್ಲಿ 42. ಫಿಟ್‌ಗಿಂತ ಚೆನ್ನಾಗಿದೆ, ಸುಳ್ಳು ಪಾಸಿಟಿವ್ ಕೂಡ ಜಾಸ್ತಿ. ಆದರೆ ಇದು 45 ದಾಟಿದ, ಸಾಮಾನ್ಯ ಅಪಾಯದವರಿಗೆ ಅಂತಲೇ ಇರುವುದು. ಲಿಂಚ್‌ನಂಥ ವಂಶದ ತೊಂದರೆ ಇದ್ದವರಿಗಲ್ಲ. ಡಾಕ್ಟರ್ ಹತ್ತಿರ ಮನೆತನದ ವಿಷಯ ಬಾಯಿ ಬಿಡದೆ ಕಿಟ್ ಬರೆಸಿಕೊಂಡರೆ ಮೋಸ ಹೋಗುವವರು ನಾವೇ.

ಇಂಗ್ಲೆಂಡಿನಲ್ಲಿರುವ ಕನ್ನಡದವರೂ ಕೇಳುತ್ತಾರೆ. ಅಲ್ಲಿ 2023ರಿಂದ ಲಿಂಚ್ ಇದ್ದವರನ್ನು ರಾಷ್ಟ್ರೀಯ ತಪಾಸಣೆ ಯೋಜನೆಯೇ ಎರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿಗೆ ಕರೆಯುತ್ತದೆ. ಎಂಎಲ್‌ಎಚ್1, ಎಂಎಸ್‌ಎಚ್2 ಆದರೆ 25 ವರ್ಷದಿಂದ, ಎಂಎಸ್‌ಎಚ್6, ಪಿಎಂಎಸ್2 ಆದರೆ 35ರಿಂದ. ನಿಮ್ಮ ರಿಪೋರ್ಟ್ ಬೆಂಗಳೂರಿನದ್ದಾದರೆ ಅದನ್ನು ಅಲ್ಲಿನ ಜಿಪಿಗೆ (ನಿಮ್ಮ ಮಾಮೂಲಿ ಡಾಕ್ಟರಿಗೆ) ಕೊಟ್ಟು ದಾಖಲು ಮಾಡಿಸಿ.

## ಹೆಣ್ಣುಮಕ್ಕಳು ಕೇಳುವುದು

ಅಮ್ಮನಿಗೆ ಗರ್ಭಕೋಶದ ಕ್ಯಾನ್ಸರ್ ಇತ್ತು. ನಾನು ಸ್ವಾಬ್ ಟೆಸ್ಟ್ ಮಾಡಿಕೊಂಡೆ, ನೆಗೆಟಿವ್. ನಿಶ್ಚಿಂತೆ ಅಲ್ವಾ?

ಇಲ್ಲಿ ನಮ್ಮ ಭಾಷೆಯೇ ಮೋಸ ಮಾಡುತ್ತದೆ. ಗರ್ಭಕೋಶದ ಬಾಯಿಗೆ ಬಂದರೂ 'ಗರ್ಭಕೋಶದ ಕ್ಯಾನ್ಸರ್', ಒಳಪದರಕ್ಕೆ ಬಂದರೂ 'ಗರ್ಭಕೋಶದ ಕ್ಯಾನ್ಸರ್'. ಎರಡೂ ಬೇರೆ ಬೇರೆ ಕಾಯಿಲೆ. ಬಾಯಿಯದ್ದು ಎಚ್‌ಪಿವಿ ವೈರಸ್‌ನಿಂದ ಬರುತ್ತದೆ, ವಂಶದಿಂದಲ್ಲ. ಅದಕ್ಕೆ ಸ್ವಾಬ್ ಒಳ್ಳೆಯ ಪರೀಕ್ಷೆ. ನೀವೇ ತೆಗೆದ ಸ್ಯಾಂಪಲ್ ಅನ್ನು ಪಿಸಿಆರ್ ವಿಧಾನದಲ್ಲಿ ನೋಡಿದರೆ ಡಾಕ್ಟರ್ ತೆಗೆದದ್ದರಷ್ಟೇ ನಂಬಿಕೆಗೆ ಅರ್ಹ. ಆಸ್ಟ್ರೇಲಿಯಾ 2022ರ ಜುಲೈನಿಂದ ತಪಾಸಣೆಗೆ ಬರುವ ಎಲ್ಲ ಹೆಂಗಸರಿಗೂ ಈ ಆಯ್ಕೆ ಕೊಟ್ಟಿದೆ. ಅಮೆರಿಕಾ 2025ರಲ್ಲಿ ಮನೆಯಲ್ಲೇ ತೆಗೆಯುವ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು.

ಲಿಂಚ್‌ನಲ್ಲಿ ಬರುವುದು ಒಳಪದರದ್ದು. ಸ್ವಾಬ್ ಅದನ್ನು ನೋಡುವುದೇ ಇಲ್ಲ. ಅದಕ್ಕೆ ಸ್ಕ್ಯಾನ್, ಒಳಪದರದ ಬಯಾಪ್ಸಿ, ಮಕ್ಕಳಾದ ಮೇಲೆ ಬೇಕಿದ್ದರೆ ಗರ್ಭಕೋಶ ತೆಗೆಸುವುದು, ಇಷ್ಟೇ ದಾರಿ. ಆದ್ದರಿಂದ ಅಮ್ಮನ ಹಳೇ ರಿಪೋರ್ಟ್ ಹುಡುಕಿ. 'ಸರ್ವಿಕ್ಸ್' ಅಂತಿದೆಯಾ, 'ಎಂಡೋಮೆಟ್ರಿಯಂ' ಅಂತಿದೆಯಾ ನೋಡಿ. ಆ ಒಂದು ಪದದ ಮೇಲೆ ನಿಮ್ಮ ಮುಂದಿನ ದಾರಿ ನಿಂತಿದೆ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಿ.

ನಮ್ಮದು ಲಿಂಚ್ ಅಲ್ಲ, ಬಿಆರ್‌ಸಿಎ. ಬೆರಳಿಗೆ ಚುಚ್ಚಿ ಮನೆಯಲ್ಲೇ ಮಾಡೋ ಸಿಎ-125 ಟೆಸ್ಟ್ ತರಿಸಲಾ?

ದುಡ್ಡು ಉಳಿಸಿ. ಬಿಆರ್‌ಸಿಎ ಅಂದರೆ ಕೆಟ್ಟರೆ ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಎರಡು ಜೀನ್‌ಗಳು. ಸಿಎ-125 ಅಂಡಾಶಯದ ಕ್ಯಾನ್ಸರ್‌ನಲ್ಲಿ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನ್. ಬ್ರಿಟನ್‌ನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ಸಿಎ-125 ಮತ್ತು ಸ್ಕ್ಯಾನ್ ಪರೀಕ್ಷಿಸಿ ನೋಡಿದರು. 2021ರಲ್ಲಿ ಬಂದ ಅಂತಿಮ ಲೆಕ್ಕದಲ್ಲಿ ಅಂಡಾಶಯದ ಕ್ಯಾನ್ಸರ್ ಸಾವು ಕಡಿಮೆಯಾಗಿರಲಿಲ್ಲ. ಅವರೆಲ್ಲ ಸಾಮಾನ್ಯ ಅಪಾಯದವರು, ನಿಜ. ಬಿಆರ್‌ಸಿಎ ಇದ್ದವರಿಗೂ ಸಿಎ-125 ಒಂದನ್ನೇ ನಂಬಿ ಕೂರಿ ಅಂತ ಯಾವ ಡಾಕ್ಟರೂ ಹೇಳುವುದಿಲ್ಲ. ಬಿಆರ್‌ಸಿಎ1 ಇದ್ದರೆ ಸಾಮಾನ್ಯವಾಗಿ 35ರಿಂದ 40ರೊಳಗೆ, ಬಿಆರ್‌ಸಿಎ2 ಇದ್ದರೆ 40ರಿಂದ 45ರೊಳಗೆ ಅಂಡಾಶಯ, ನಾಳ ತೆಗೆಸುವ ಮಾತು ಬರುತ್ತದೆ. ಸ್ತನಕ್ಕೆ ವರ್ಷಕ್ಕೊಮ್ಮೆ ಎಂಆರ್‌ಐ ಇದೆ. ಇದ್ಯಾವುದಕ್ಕೂ ಮನೆ ಕಿಟ್ ಬದಲಿ ಅಲ್ಲ.

## ಜೀನ್, ಮದುವೆ, ವಿಮೆ

ಜೊಲ್ಲಿನ ಡಿಎನ್‌ಎ ಕಿಟ್‌ನಲ್ಲಿ ಬಿಆರ್‌ಸಿಎ ಇಲ್ಲ ಅಂತ ಬಂತು. ಮುಗೀತಲ್ಲ?

ಯಾವ ಕಿಟ್ ಅನ್ನುವುದರ ಮೇಲಿದೆ. 23ಆಂಡ್‌ಮಿ ಕಂಪನಿಗೆ 2018ರಲ್ಲಿ ಅಮೆರಿಕಾದ ಒಪ್ಪಿಗೆ ಸಿಕ್ಕಾಗ ಅದು ನೋಡುತ್ತಿದ್ದದ್ದು ಬಿಆರ್‌ಸಿಎಯ 3 ತಪ್ಪುಗಳನ್ನು ಮಾತ್ರ. ಅವು ಯುರೋಪಿನ ಅಶ್ಕೆನಾಜಿ ಯಹೂದಿಗಳಲ್ಲಿ ಹೆಚ್ಚಾಗಿ ಕಾಣುವಂಥವು. ಆ ಎರಡು ಜೀನ್‌ಗಳಲ್ಲಿ ಅಪಾಯ ತರುವ ತಪ್ಪುಗಳು ಸಾವಿರಾರು ಇವೆ. ದೊಡ್ಡ ನಿಘಂಟಿನಲ್ಲಿ ಮೂರು ಪದದ ಕಾಗುಣಿತ ನೋಡಿ 'ಪುಸ್ತಕದಲ್ಲಿ ತಪ್ಪಿಲ್ಲ' ಅಂದ ಹಾಗೆ. ತಮಾಷೆ ಅಂದರೆ, ಆ ಮೂರರಲ್ಲಿ ಒಂದಾದ 185ಡೆಲ್‌ಎಜಿ ದಕ್ಷಿಣ ಭಾರತದ ಕುಟುಂಬಗಳಲ್ಲೂ ಪದೇ ಪದೇ ಸಿಕ್ಕಿದೆ.

ಜೊಲ್ಲಿನಲ್ಲಿ ದೋಷ ಇಲ್ಲ. ಆಸ್ಪತ್ರೆಯ ಪೂರ್ಣ ಜೀನ್ ಪರೀಕ್ಷೆಯನ್ನೂ ಜೊಲ್ಲಿನಿಂದ ಮಾಡುತ್ತಾರೆ. ಪೂರ್ತಿ ಜೀನ್ ಓದುತ್ತಾರಾ, ಮುಂಚೆ ಆಮೇಲೆ ಜೆನೆಟಿಕ್ ಕೌನ್ಸೆಲರ್ ಮಾತಾಡುತ್ತಾರಾ ಅನ್ನುವುದನ್ನು ಕೇಳಿ. ವಂಶದ ಅಪಾಯ ಇದ್ದವರಿಗೆ ಮನೆಯಲ್ಲಿ ಕೂತು ಕೊಡಬಹುದಾದ ಸ್ಯಾಂಪಲ್‌ಗಳಲ್ಲಿ ನಿಜವಾಗಿ ಬೆಲೆಬಾಳುವುದು ಇದೊಂದೇ ಅಂತ ನನ್ನ ಅಭಿಪ್ರಾಯ. ಇದೇ ಉಳಿದ ಪರೀಕ್ಷೆಗಳನ್ನು ತೀರ್ಮಾನಿಸುತ್ತದೆ.

ಮನೆಯಲ್ಲಿ ಮೊದಲು ಯಾರಿಗೆ ಟೆಸ್ಟ್ ಮಾಡಿಸಬೇಕು? ಕ್ಯಾನ್ಸರ್ ಬಂದಿದ್ದ ಅಪ್ಪ ತೀರಿಕೊಂಡಿದ್ದಾರೆ.

ಮೊದಲು ಕ್ಯಾನ್ಸರ್ ಬಂದವರಿಗೆ. ಅವರಲ್ಲಿ ತಪ್ಪು ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ನೋಡಿದರೆ ಆಯಿತು. ಖರ್ಚು ಕಡಿಮೆ, ಉತ್ತರ ಖಚಿತ. ಆರೋಗ್ಯವಾಗಿರುವವರಿಗೆ ಮೊದಲು ಮಾಡಿಸಿ ನೆಗೆಟಿವ್ ಬಂದರೆ ಅದಕ್ಕೆ ಎರಡು ಅರ್ಥ: ಇವರಿಗೆ ಇಳಿದಿಲ್ಲ, ಅಥವಾ ಪರೀಕ್ಷೆಗೆ ಸಿಕ್ಕಿಲ್ಲ.

ತೀರಿಕೊಂಡಿದ್ದರೂ ಒಂದು ದಾರಿ ಇದೆ. ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಅವರ ಗಡ್ಡೆಯ 'ಬ್ಲಾಕ್' ಇರಬಹುದು. ಮೇಣದಲ್ಲಿ ಹುದುಗಿಸಿದ, ಬೆರಳ ಉಗುರಿನಷ್ಟು ಅಂಗಾಂಶ. ನಾಲ್ಕು ಲಿಂಚ್ ಪ್ರೋಟೀನ್‌ಗಳಲ್ಲಿ ಯಾವುದು ಕಾಣೆಯಾಗಿದೆ ಅಂತ ಅದರಲ್ಲಿ ನೋಡಬಹುದು. ಅಮ್ಮ ಹೋಗಿ ಆರು ವರ್ಷಕ್ಕೆ ನಾವು ಬ್ಲಾಕ್ ಕೇಳಲು ಹೋದೆವು. ಗುಮಾಸ್ತರು ಮೂರು ಸಲ 'ಇಲ್ಲ' ಅಂದರು. ನಾಲ್ಕನೇ ಸಲ ಬಯಾಪ್ಸಿ ನಂಬರ್ ಬರೆದುಕೊಂಡು ಹೋದಾಗ ಹತ್ತೇ ನಿಮಿಷದಲ್ಲಿ ಸಿಕ್ಕಿತು. ನಂಬರ್ ಇಟ್ಟುಕೊಂಡು ಹೋಗಿ.

ರಿಪೋರ್ಟ್‌ನಲ್ಲಿ ವಿಯುಎಸ್ ಅಂತಿದೆ. ಪಾಸಿಟಿವ್ವಾ ನೆಗೆಟಿವ್ವಾ?

ಎರಡೂ ಅಲ್ಲ. ಜೀನ್‌ನಲ್ಲಿ ಬದಲಾವಣೆ ಇದೆ, ಅದು ಕೆಟ್ಟದ್ದಾ ನಿರುಪದ್ರವಿಯಾ ಗೊತ್ತಿಲ್ಲ ಅಂತ. ಜಗತ್ತಿನ ಜೀನ್ ದಾಖಲೆಗಳಲ್ಲಿ ನಮ್ಮವರ ಮಾಹಿತಿ ಕಡಿಮೆ ಇರುವುದರಿಂದ ನಮ್ಮಲ್ಲಿ ಇದು ಜಾಸ್ತಿ ಬರುತ್ತದೆ. ವಿಯುಎಸ್ ನಂಬಿ ಆಪರೇಷನ್ ಮಾಡಿಸಬೇಡಿ. ಮಕ್ಕಳಿಗೂ ಅದರ ಪರೀಕ್ಷೆ ಬೇಡ. ಎರಡು ವರ್ಷ ಬಿಟ್ಟು ಲ್ಯಾಬಿಗೆ ಫೋನ್ ಮಾಡಿ, ಅರ್ಥ ಬದಲಾಗಿದೆಯಾ ಅಂತ ಕೇಳಿ. ಅಲ್ಲಿಯವರೆಗೆ ಮನೆತನದ ಇತಿಹಾಸ ನೋಡಿ ತಪಾಸಣೆ ನಡೆಯಲಿ.

ನಾವು ಸಂಬಂಧದಲ್ಲೇ ಮದುವೆ ಆಗಿರೋದು, ಅವರು ನನ್ನ ಸೋದರಮಾವ. ಮಕ್ಕಳಿಗೆ ತೊಂದರೆನಾ?

ನಮ್ಮ ಕಡೆ ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಲಿಂಚ್ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಅದೂ ದೊಡ್ಡವರಾದ ಮೇಲಿನ ಮಾತು. ಅಕ್ಕನ ಮಗಳನ್ನು ಮದುವೆಯಾದಲ್ಲಿ, ಮಾವನ ಮಗಳನ್ನು ತಂದಲ್ಲಿ ಇಬ್ಬರಿಗೂ ಒಂದೇ ತಪ್ಪು ಇಳಿದಿರಬಹುದು. ಹಾಗಿದ್ದರೆ ಪ್ರತಿ ಮಗುವಿಗೂ ಎರಡೂ ಪ್ರತಿ ಕೆಟ್ಟಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಮೆದುಳು, ರಕ್ತ, ಕರುಳಿನ ಕ್ಯಾನ್ಸರ್ ಬರಬಹುದು. ಕೆಲವರ ಮೈಮೇಲೆ ಹಾಲು ಹಾಕಿದ ಕಾಫಿ ಬಣ್ಣದ ಮಚ್ಚೆಗಳಿರುತ್ತವೆ. ತುಂಬ ಅಪರೂಪ, ಆದರೆ ಮನೆಯಲ್ಲಿ ಲಿಂಚ್ ಇದೆ ಅಂತ ಗೊತ್ತಿದ್ದು ಸಂಬಂಧದಲ್ಲೇ ಮದುವೆ ಆಗಿದ್ದರೆ ಇಬ್ಬರೂ ಪರೀಕ್ಷೆ ಮಾಡಿಸಿ. ಮಗು ಆಗುವ ಮೊದಲೇ ಆದರೆ ಒಳ್ಳೆಯದು.

ಮಗಳಿಗೆ 16. ಈಗಲೇ ಮಾಡಿಸಿಬಿಡೋಣ ಅಂತಾರೆ ಮನೆಯವರು. ಮದುವೆಗೆ ತೊಂದರೆ ಆಗುತ್ತಾ ಅಂತ ನನಗೆ ಭಯ.

ಲಿಂಚ್‌ಗೆ 18ರವರೆಗೆ ಕಾಯುವುದು ರೂಢಿ. ಅಲ್ಲಿಯವರೆಗೆ ಗೊತ್ತಾದರೂ ಮಾಡುವುದು ಏನೂ ಇಲ್ಲ. ಆಮೇಲೆ ತಿಳಿಯಬೇಕಾ ಬೇಡವಾ ಅಂತ ಅವಳೇ ಹೇಳಲಿ. ಕರುಳಿನ ತುಂಬ ಪಾಲಿಪ್ ಬೆಳೆಯುವ ಎಫ್‌ಎಪಿ ಎಂಬ ಇನ್ನೊಂದು ವಂಶದ ಕಾಯಿಲೆಯಲ್ಲಿ ಮಾತ್ರ 10-12 ವರ್ಷಕ್ಕೇ ಕರುಳಿನ ಪರೀಕ್ಷೆ ಶುರುವಾಗುವುದರಿಂದ ಮಕ್ಕಳಿಗೂ ಜೀನ್ ಟೆಸ್ಟ್ ಮಾಡುತ್ತಾರೆ.

ಮದುವೆ ವಿಷಯಕ್ಕೆ ಬಂದರೆ, ಮುಚ್ಚಿಟ್ಟ ಮನೆಗಳನ್ನೂ ನೋಡಿದ್ದೇನೆ, ಹೇಳಿ ಮಾಡಿದವರನ್ನೂ ನೋಡಿದ್ದೇನೆ. ನನ್ನ ಅಣ್ಣನ ಮಗಳು ಹುಡುಗನ ಹತ್ತಿರ ತಾನೇ ಹೇಳಿದಳು. ಅವನು ಎರಡು ದಿನ ಓದಿ ಬಂದು ಕೇಳಿದ್ದು ಒಂದೇ ಪ್ರಶ್ನೆ: 'ಕೊಲೊನೋಸ್ಕೋಪಿಗೆ ರಜೆ ಎಷ್ಟು ದಿನ ಬೇಕು?'

ಜೀನ್ ಪಾಸಿಟಿವ್ ಅಂತಾದ್ರೆ ಇನ್ಶೂರೆನ್ಸ್ ಸಿಗಲ್ವಾ?

2018ರಲ್ಲಿ ದಿಲ್ಲಿ ಹೈಕೋರ್ಟ್ ಆನುವಂಶಿಕ ಕಾಯಿಲೆ ಅನ್ನುವ ಒಂದೇ ಕಾರಣಕ್ಕೆ ಆರೋಗ್ಯ ವಿಮೆಯಲ್ಲಿ ಭೇದ ಮಾಡಬಾರದು ಅಂದಿತು. ಅದೇ ವರ್ಷ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಕೂಡ ಆ ಹೆಸರಲ್ಲಿ ಕ್ಲೇಮ್ ತಿರಸ್ಕರಿಸಬೇಡಿ ಅಂತ ಕಂಪನಿಗಳಿಗೆ ಸೂಚಿಸಿತು. ಆದರೆ ಫಾರಂನಲ್ಲಿ ಕೇಳಿದ್ದಕ್ಕೆ ನಿಜವನ್ನೇ ಬರೆಯಿರಿ, ಸುಳ್ಳು ಬರೆದರೆ ಕ್ಲೇಮ್ ಹೋಗುತ್ತದೆ. ಅಮೆರಿಕಾದಲ್ಲಿ 2008ರ ಜೀನಾ ಕಾನೂನು ಆರೋಗ್ಯ ವಿಮೆಗೂ ಕೆಲಸಕ್ಕೂ ರಕ್ಷಣೆ ಕೊಡುತ್ತದೆ, ಜೀವ ವಿಮೆಗೆ ಕೊಡುವುದಿಲ್ಲ. ಅಲ್ಲಿರುವವರು ಪರೀಕ್ಷೆಗೆ ಮೊದಲೇ ಜೀವ ವಿಮೆ ಬಗ್ಗೆ ಯೋಚಿಸುವುದು ವಾಸಿ.

ಲಿಂಚ್‌ಗೆ ಆಸ್ಪಿರಿನ್ ಒಳ್ಳೇದಂತೆ, ಮೆಡಿಕಲ್ ಶಾಪ್‌ನಲ್ಲಿ ತಗೊಂಡು ಶುರು ಮಾಡಲಾ?

ಒಳ್ಳೆಯದು ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ. ಕ್ಯಾಪ್2 ಎಂಬ ಪ್ರಯೋಗದಲ್ಲಿ 861 ಲಿಂಚ್ ಜನರಿದ್ದರು. ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ತಗೊಂಡವರಲ್ಲಿ 100ಕ್ಕೆ 9 ಜನರಿಗೆ, ಔಷಧಿ ಇಲ್ಲದ ತೋರಿಕೆಯ ಮಾತ್ರೆ ತಗೊಂಡವರಲ್ಲಿ 13 ಜನರಿಗೆ ಕರುಳಿನ ಕ್ಯಾನ್ಸರ್ ಬಂತು. ಆದರೆ ಹೊಟ್ಟೆಯ ಹುಣ್ಣು, ಬಿಪಿ, ಬೇರೆ ಮಾತ್ರೆಗಳ ಜೊತೆಗಿನ ಜಗಳ ಎಲ್ಲ ನೋಡಿ ಡೋಸ್ ಹೇಳಬೇಕಾದವರು ಡಾಕ್ಟರ್. ನೀವೇ ಶುರು ಮಾಡಬೇಡಿ.

ಎಲ್ಲಾ ಸರಿ ಅಕ್ಕ, ಆದರೆ ಕೊಲೊನೋಸ್ಕೋಪಿ ಹಿಂದಿನ ದಿನ ಕುಡಿಯೋ ಆ ನೀರು! ಅದಕ್ಕೇನಾದ್ರೂ ಉಪಾಯ?

ಕೊಲೊನೋಸ್ಕೋಪಿಯಲ್ಲಿ ಮನೆಯಲ್ಲೇ ಮಾಡುವ ಭಾಗ ಇದು. ಇದನ್ನು ಅರ್ಧಂಬರ್ಧ ಮಾಡಿದರೆ ಚಪ್ಪಟೆ ಪಾಲಿಪ್ ಕಾಣದೇ ಹೋಗಬಹುದು.

ಮೂರು ದಿನ ಮೊದಲೇ ಸೊಪ್ಪು, ಕಾಳು, ಸೀಬೆಹಣ್ಣು, ಎಳ್ಳು, ಟೊಮೆಟೊ ಬೀಜ ಬಿಡಿ. ಒಗ್ಗರಣೆಯ ಸಾಸಿವೆ ಕ್ಯಾಮೆರಾದ ನಳಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ನರ್ಸ್ ಒಬ್ಬರು ನನಗೆ ಬೈದಿದ್ದಾರೆ. ಮೊಸರನ್ನ, ಬಿಳಿ ಇಡ್ಲಿ ನಡೆಯುತ್ತದೆ. ಹಿಂದಿನ ದಿನ ತಿಳಿ ಪಾನೀಯ ಮಾತ್ರ: ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಟೀ. ರಾಗಿ ಅಂಬಲಿ ತಿಳಿ ಅಲ್ಲ. ಕೆಂಪು, ನೇರಳೆ ಬಣ್ಣದ ಶರಬತ್ತು ಬೇಡ, ರಕ್ತದ ಹಾಗೆ ಕಾಣುತ್ತದೆ. ಔಷಧಿ ನೀರನ್ನು ಫ್ರಿಜ್‌ನಲ್ಲಿ ತಣ್ಣಗೆ ಮಾಡಿ, ಸ್ಟ್ರಾ ಹಾಕಿ, ನಾಲಿಗೆಯ ಹಿಂಭಾಗಕ್ಕೆ ಎಳೆದುಕೊಳ್ಳಿ. ಅರ್ಧವನ್ನು ಸಂಜೆ, ಉಳಿದರ್ಧ ಬೆಳಗಿನ ಜಾವ ಕೊಡುತ್ತಾರೆ. ನಾಲ್ಕು ಗಂಟೆಗೆ ಅಲಾರಂ ಇಡಿ. ಕೊನೆಗೆ ಬರುವುದು ತಿಳಿ ಹಳದಿ ನೀರಿನಂತಿದ್ದರೆ ಕರುಳು ಸ್ವಚ್ಛವಾಗಿದೆ ಅಂತ ಅರ್ಥ.

ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಮಂಪರಿನ ಇಂಜೆಕ್ಷನ್ ಕೊಟ್ಟಿರುತ್ತಾರೆ, ಅವತ್ತು ಗಾಡಿ ಓಡಿಸುವಂತಿಲ್ಲ. ನನ್ನ ಜೊತೆ ಬರುವುದು ತಂಗಿ. ಮುಗಿದ ಮೇಲೆ ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ಇಬ್ಬರೂ ಮಸಾಲೆ ದೋಸೆ ತಿನ್ನುತ್ತೇವೆ. ಬಿಲ್ ಅವಳದ್ದು.